ಸ್ಪ್ಯಾನಿಂಗ್ ಟ್ರೀ ಆನ್ ಮಾಡಿದರೆ ಸಾಲದು, ರೂಟ್ ಯಾವುದು ಅಂತ ನೀವೇ ಹೇಳಿ

ತುಮಕೂರಿನ ವಸಂತನರಸಾಪುರ, ಅಂತರಸನಹಳ್ಳಿ ಕಡೆ ಫ್ಯಾಕ್ಟರಿಗಳಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಒಂದು ಸಲಹೆ. ಎರಡು ಸ್ವಿಚ್ ನಡುವೆ ಬ್ಯಾಕಪ್‌ಗೆ ಅಂತ ಇನ್ನೊಂದು ಕೇಬಲ್ ಎಳೆಯುವ ಮುಂಚೆ ಸ್ಪ್ಯಾನಿಂಗ್ ಟ್ರೀ (ಸ್ವಿಚ್‌ಗಳ ನಡುವಿನ ಹೆಚ್ಚುವರಿ ದಾರಿಯನ್ನು ತಡೆದಿಟ್ಟು ಲೂಪ್ ಆಗದಂತೆ ನೋಡುವ ವ್ಯವಸ್ಥೆ) ಆನ್ ಇದೆಯಾ ನೋಡಿ. ಇಲ್ಲದಿದ್ದರೆ ಬ್ರಾಡ್‌ಕಾಸ್ಟ್, ಅಂದರೆ ಎಲ್ಲರಿಗೂ ಹೋಗುವ ಸಂದೇಶ, ಸುತ್ತುತ್ತಲೇ ಇರುತ್ತದೆ. ಎಲ್ಲ ಪೋರ್ಟ್‌ಗಳ ಲೈಟೂ ಒಟ್ಟಿಗೆ ಪಟಪಟ ಮಿನುಗುತ್ತವೆ, ನೆಟ್‌ವರ್ಕ್ ಪೂರ್ತಿ ನಿಂತು ಹೋಗುತ್ತದೆ.

ಸ್ಪ್ಯಾನಿಂಗ್ ಟ್ರೀ ಒಂದು ಸ್ವಿಚ್ಚನ್ನು ರೂಟ್, ಅಂದರೆ ಎಲ್ಲ ದಾರಿಗಳ ಲೆಕ್ಕಕ್ಕೆ ಕೇಂದ್ರ, ಅಂತ ಆರಿಸುತ್ತದೆ; ಅದಕ್ಕೆ ಮೊದಲು ನೋಡುವುದು ಪ್ರಯಾರಿಟಿ ಅನ್ನುವ ಸಂಖ್ಯೆ. ಸಾಮಾನ್ಯವಾಗಿ ಎಲ್ಲ ಸ್ವಿಚ್‌ಗಳಲ್ಲೂ ಅದು 32768 ಅಂತಲೇ ಬಂದಿರುತ್ತದೆ. ಸಮ ಆದಾಗ ಚಿಕ್ಕ ಮ್ಯಾಕ್ ಅಡ್ರೆಸ್ (ಸ್ವಿಚ್ ಜೊತೆಗೇ ಬರುವ ಗುರುತಿನ ಸಂಖ್ಯೆ) ಇರುವುದೇ ರೂಟ್. ಅದು ಎಷ್ಟೋ ಸಲ ಗೋಡೌನ್ ಮೂಲೆಯಲ್ಲಿ ಧೂಳು ಹಿಡಿದ ಹಳೇ ಸ್ವಿಚ್ ಆಗಿರುತ್ತದೆ! ಆಮೇಲೆ ಟ್ರಾಫಿಕ್ ಎಲ್ಲ ಸುಮ್ನೆ ಆ ಕಡೆ ಸುತ್ತಿಕೊಂಡು ಬರುತ್ತದೆ. ಸರ್ವರ್ ರೂಮಿನ ಕೋರ್ ಸ್ವಿಚ್‌ಗೆ 4096 ಕೊಡಿ, ಅದು ಕೆಟ್ಟರೆ ಜಾಗ ತುಂಬುವ ಸ್ವಿಚ್‌ಗೆ 8192. ಈ ಸಂಖ್ಯೆ 4096ರ ಲೆಕ್ಕದಲ್ಲೇ ಏರಬೇಕು, ಚಿಕ್ಕದೇ ಗೆಲ್ಲುವುದು.

ಸ್ಪ್ಯಾನಿಂಗ್ ಟ್ರೀ ಮೋಡ್ ರಾಪಿಡ್ (ವೇಗದ ಹೊಸ ಬಗೆ) ಇರಲಿ. ಹಳೇ ಎಸ್‌ಟಿಪಿಯಲ್ಲಿ (ಸ್ಪ್ಯಾನಿಂಗ್ ಟ್ರೀ ಪ್ರೋಟೋಕಾಲ್) ಪೋರ್ಟ್ ತಯಾರಾಗಲು 30 ಸೆಕೆಂಡ್ ಹಿಡಿಯುತ್ತದೆ. ಬೆಳಿಗ್ಗೆ 'ಐಪಿ ಸಿಗ್ತಿಲ್ಲ ಸರ್' ಅನ್ನುವ ಫೋನ್‌ಗೆ ಇದೂ ಒಂದು ಕಾರಣ. ಪಿಸಿ, ಪ್ರಿಂಟರ್ ಪೋರ್ಟ್‌ಗಳಿಗೆ ಎಡ್ಜ್ ಹಾಕಿ, ಕಾಯದೆ ತಕ್ಷಣ ತಯಾರಾಗುತ್ತವೆ. ಸಿಸ್ಕೋ ಕಂಪನಿಯ ಸ್ವಿಚ್‌ಗಳಲ್ಲಿ ಅದೇ ಪೋರ್ಟ್‌ಫಾಸ್ಟ್. ಜೊತೆಗೆ ಬಿಪಿಡಿಯು ಗಾರ್ಡ್ ಇರಲೇಬೇಕು (ಬಿಪಿಡಿಯು ಅಂದರೆ ಸ್ಪ್ಯಾನಿಂಗ್ ಟ್ರೀಗಾಗಿ ಸ್ವಿಚ್‌ಗಳು ಕಳಿಸುವ ಸಂದೇಶ). ಸ್ಪ್ಯಾನಿಂಗ್ ಟ್ರೀ ಇರುವ ಸ್ವಿಚ್ ಒಂದನ್ನು ಯಾರಾದರೂ ಅಲ್ಲಿ ಸಿಕ್ಕಿಸಿದರೆ ಪೋರ್ಟ್ ತಾನಾಗಿ ಬಂದ್ ಆಗುತ್ತದೆ. ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಪೋರ್ಟ್‌ಗಳಿಗೆ ಮಾತ್ರ ಇವೆರಡೂ ಬೇಡ.

ರೂಟ್ ಬದಲಾಗುವಾಗ ಲಿಂಕ್ ಸ್ವಲ್ಪ ಹೊತ್ತು ನಿಲ್ಲಬಹುದು. ಶಿಫ್ಟ್ ನಡೆಯುವಾಗ ಕೈ ಹಾಕಬೇಡಿ, ರಜೆ ದಿನ ಮಾಡಿ.