ದೋಣಿಗೆ ತಕ್ಕ ಹುಟ್ಟಿನ ಉದ್ದವನ್ನು ಅಳೆಯುವ ಮತ್ತು ಹೊಂದಿಸುವ ಕ್ರಮ

ಕೋಡಿಬೆಂಗ್ರೆಯ ಬಳಿ ಸೀತಾ ಮತ್ತು ಸ್ವರ್ಣಾ ನದಿಗಳ ಹಿನ್ನೀರಿನಲ್ಲಿ ದೋಣಿ ನಡೆಸಲು ಹೊರಡುವವರು ಹುಟ್ಟನ್ನು ನೆಲಕ್ಕೆ ಊರಿ, ತಮ್ಮ ಎತ್ತರದೊಂದಿಗೆ ಹೋಲಿಸಿ ಆರಿಸಿಕೊಳ್ಳುವುದುಂಟು. ದೋಣಿಗೆ ಆನಿಸದೆ ಕೈಯಲ್ಲೇ ಹಿಡಿದು ನೀರು ತಳ್ಳುವ ಹುಟ್ಟಿಗೆ ಈ ಕ್ರಮ ಒಪ್ಪುತ್ತದೆ. ಆದರೆ ದೋಣಿಯ ಎರಡು ಅಂಚುಗಳಲ್ಲಿ ಹುಟ್ಟನ್ನು ಆನಿಸುವ ಕವಲುಗಳಾದ ಕವೆಗಳಿಗೆ ಸಿಕ್ಕಿಸಿ, ಹಿಂದಕ್ಕೆ ಮುಖ ಮಾಡಿ ಕುಳಿತು ಎಳೆಯುವ ಜೋಡಿ ಹುಟ್ಟುಗಳ ಉದ್ದವನ್ನು ಮುಖ್ಯವಾಗಿ ನಿರ್ಧರಿಸುವುದು ದೋಣಿಯ ಅಗಲವೇ ಹೊರತು ಆಳಿನ ಎತ್ತರವಲ್ಲ.

ಮೊದಲು ಒಂದು ಕವೆಯ ನಡುವಿನಿಂದ ಎದುರು ಕವೆಯ ನಡುವಿನವರೆಗೆ ಅಳೆಯಬೇಕು. ಅದರ ಅರ್ಧಕ್ಕೆ 2 ಇಂಚು ಕೂಡಿಸಿದರೆ ಹುಟ್ಟಿನ ಒಳಭಾಗ, ಅಂದರೆ ಹಿಡಿಯ ತುದಿಯಿಂದ ಕವೆಯವರೆಗಿನ ಉದ್ದ ದೊರೆಯುತ್ತದೆ. ಒಳಭಾಗ 7 ಪಾಲಾದರೆ ಹೊರಭಾಗ 18 ಪಾಲು ಎಂಬುದು ಬಳಕೆಯಲ್ಲಿರುವ ಲೆಕ್ಕ; ಆದ್ದರಿಂದ ಒಳಭಾಗವನ್ನು 7ರಿಂದ ಭಾಗಿಸಿ 25ರಿಂದ ಗುಣಿಸಿದರೆ ಪೂರ್ಣ ಉದ್ದ ತಿಳಿಯುತ್ತದೆ. ಕವೆಗಳ ಅಂತರ 48 ಇಂಚು ಇರುವ ದೋಣಿಗೆ ಒಳಭಾಗ 26 ಇಂಚು, ಪೂರ್ಣ ಉದ್ದ ಸುಮಾರು 93 ಇಂಚು, ಅಂದರೆ 7 ಅಡಿ 9 ಇಂಚು. ದೋಣಿಯ ಅಂಚು ನೀರಿನಿಂದ ಹೆಚ್ಚು ಎತ್ತರದಲ್ಲಿದ್ದರೆ ಇನ್ನೂ ಸ್ವಲ್ಪ ಉದ್ದ ಬೇಕಾಗುತ್ತದೆ. ಸ್ಪರ್ಧೆಯ ಕಿರಿದಾದ ದೋಣಿಗಳ ಲೆಕ್ಕವೇ ಬೇರೆ: ಅಲ್ಲಿ ಕವೆಗಳು ದೋಣಿಯ ಹೊರಗೆ ಚಾಚಿದ ಚೌಕಟ್ಟಿನ ಮೇಲಿರುವುದರಿಂದ ಅಂತರ ಸುಮಾರು 160 ಸೆಂ.ಮೀ., ಹುಟ್ಟಿನ ಒಳಭಾಗ 88 ಸೆಂ.ಮೀ. ಆಸುಪಾಸು.

ಮೇಲಿನ ಲೆಕ್ಕದಂತೆ ಮಾಡಿದಾಗ ಎರಡು ಹಿಡಿಗಳು ನಡುವೆ ಸುಮಾರು 4 ಇಂಚು ಒಂದರ ಮೇಲೊಂದು ಬರುತ್ತವೆ. ಹೊಸಬರಿಗೆ ಬೆರಳು ತಾಗಿ ನೋವಾಗುವುದರಿಂದ, ಹಿಡಿಗಳು ಒಂದಕ್ಕೊಂದು ತಾಗದಂತೆ ಒಳಭಾಗವನ್ನು ಕಡಿಮೆ ಮಾಡಿಕೊಂಡೇ ಕಲಿಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಹೊಂದಿಸುವ ಕೆಲಸವೆಲ್ಲ ಹುಟ್ಟು ಕವೆಯಿಂದ ಹೊರಗೆ ಜಾರದಂತೆ ತಡೆಯುವ ಬಳೆಯದು. ಅದನ್ನು ಅಲಗಿನ, ಅಂದರೆ ನೀರಿಗಿಳಿಯುವ ಅಗಲ ತುದಿಯ, ಕಡೆಗೆ ಸರಿಸಿದರೆ ಒಳಭಾಗ ಹೆಚ್ಚಿ ಎಳೆತ ಹಗುರವಾಗುತ್ತದೆ. ಹಿಡಿಯ ಕಡೆಗೆ ಸರಿಸಿದರೆ ಎಳೆತ ಭಾರವಾಗುತ್ತದೆ, ಆದರೆ ಪ್ರತಿ ಎಳೆತಕ್ಕೆ ಅಲಗು ನೀರಿನಲ್ಲಿ ಹೆಚ್ಚು ದೂರ ಸಾಗುತ್ತದೆ. ಬಳೆಯನ್ನು ಕಾಯಂ ಆಗಿ ಕೂರಿಸುವ ಮೊದಲು ಆ ಜಾಗದಲ್ಲಿ ತೆಂಗಿನ ನಾರಿನ ಹುರಿಯನ್ನು ಬಿಗಿಯಾಗಿ ಸುತ್ತಿ, ಅಳಿವೆಯಿಂದ ದೂರದ ಶಾಂತ ನೀರಿನಲ್ಲಿ ಪರೀಕ್ಷಿಸಬೇಕು. ಇಳಿತದ ಸೆಳೆತದೊಂದಿಗೆ ಹೋಗುವಾಗ ಯಾವ ಹುಟ್ಟಿನಿಂದಲೂ ದೋಣಿ ಸುಲಭವಾಗಿ ಮುಂದೆ ಸಾಗುವುದರಿಂದ, ಸೆಳೆತಕ್ಕೆ ಎದುರಾಗಿಯೂ ಮಧ್ಯಾಹ್ನದ ಪಡುಗಾಳಿಗೆ ಎದುರಾಗಿಯೂ ಎಳೆದು ನೋಡುವುದು ಅಗತ್ಯ. ಸೊಂಟ ಸೋತು ಎಳೆತ ನಿಧಾನವಾದರೆ ಹೊರಭಾಗ ಹೆಚ್ಚಾಗಿದೆ. ಕೈಗಳು ಬೇಗಬೇಗ ಆಡಿದರೂ ದೋಣಿ ಮುಂದೆ ಸರಿಯದಿದ್ದರೆ ಕಡಿಮೆಯಾಗಿದೆ. ಅಲಗನ್ನು ನೀರಿನಿಂದ ಎತ್ತುವಾಗ ಹಿಡಿ ಮೊಣಕಾಲಿಗೆ ತಾಗಿದರೆ ಅದು ಉದ್ದದ ದೋಷವಲ್ಲ, ಕವೆಯನ್ನು ಎತ್ತರಿಸಬೇಕು ಅಥವಾ ಆಸನವನ್ನು ತಗ್ಗಿಸಬೇಕು.

ಅನುಮಾನವಿದ್ದರೆ ಉದ್ದದ ಹುಟ್ಟನ್ನೇ ಕೊಳ್ಳಬೇಕು, ಏಕೆಂದರೆ ಮರದ ಹುಟ್ಟನ್ನು ಕತ್ತರಿಸಬಹುದೇ ಹೊರತು ಬೆಳೆಸಲಾಗದು. ಕತ್ತರಿಸುವುದು ಹಿಡಿಯ ತುದಿಯಿಂದ. ಎಷ್ಟು ಕತ್ತರಿಸಿದೆವೋ ಅಷ್ಟೇ ದೂರ ಬಳೆಯನ್ನು ಅಲಗಿನ ಕಡೆಗೆ ಸರಿಸಿ, ಹಿಡಿಯನ್ನು ಮತ್ತೆ ಕೈಗೊಪ್ಪುವಂತೆ ಕೆತ್ತಿ ನಯಗೊಳಿಸಬೇಕು. ಕೊನೆಗೆ ಎರಡು ಹುಟ್ಟುಗಳನ್ನೂ ಅಕ್ಕಪಕ್ಕ ಮಲಗಿಸಿ ಬಳೆಗಳು ಒಂದೇ ಸಾಲಿಗೆ ಬರುತ್ತವೆಯೇ ಎಂದು ನೋಡಬೇಕು. ಇಲ್ಲವಾದರೆ ಎರಡು ಕೈಗಳ ಬಲ ಸಮವಿದ್ದರೂ ದೋಣಿ ಒಂದೇ ಬದಿಗೆ ತಿರುಗುತ್ತಿರುತ್ತದೆ.