ಓಡುವ ಲಾಗ್ ಇಮ್ಯಾಕ್ಸ್ ಒಳಗೇ ಕಾಣಬೇಕು: ನಾನು ಮಾಡಿಕೊಂಡ ಏರ್ಪಾಡು

ಕೋಡ್ ಒಂದು ಕಡೆ, ಲಾಗ್ (ಓಡುತ್ತಿರುವ ಪ್ರೋಗ್ರಾಂ ಬರೆಯುತ್ತಾ ಹೋಗುವ ದಾಖಲೆ) ಟರ್ಮಿನಲ್‌ನಲ್ಲಿ ಇನ್ನೊಂದು ಕಡೆ, ನಡುವೆ ದಿನವಿಡೀ ಓಡಾಟ. ನನಗೆ ಇದು ಆಗಿಬರುವುದಿಲ್ಲ. ಲಾಗ್ ನನ್ನ ಎಡಿಟರ್ ಇಮ್ಯಾಕ್ಸ್ ಒಳಗೇ, ಅದೂ ಬರುತ್ತಿರುವಾಗಲೇ ಕಾಣಬೇಕು.

ಮೆಟಾ ಕೀ (ಸಾಮಾನ್ಯವಾಗಿ ಆಲ್ಟ್) ಜೊತೆ ಆಶ್ಚರ್ಯಸೂಚಕ ಚಿಹ್ನೆ ಒತ್ತಿ ಕಮಾಂಡ್ ಓಡಿಸಬಹುದು, ನಿಜ. ಆದರೆ ಅದು ಮುಗಿಯುವ ತನಕ ಎಡಿಟರ್ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ, ಲಾಗ್ ಹಿಂದೆ ಬಿದ್ದು ಹೊಸ ಸಾಲುಗಳನ್ನು ತೋರಿಸುತ್ತಲೇ ಇರುವ ಟೇಲ್ ಕಮಾಂಡ್ ಮುಗಿಯುವುದೇ ಇಲ್ಲ ಅಲ್ವಾ? ಅದಕ್ಕೆ ಮೆಟಾ ಜೊತೆ ಆಂಪರ್‌ಸ್ಯಾಂಡ್ ಒತ್ತಬೇಕು. ಔಟ್‌ಪುಟ್ ಬೇರೆ ಬಫರ್‌ಗೆ (ಇಮ್ಯಾಕ್ಸ್ ಪಠ್ಯ ಇಟ್ಟುಕೊಳ್ಳುವ ಜಾಗ) ಬಂದು ಬೀಳುತ್ತಿರುತ್ತದೆ, ನೀವು ನಿಮ್ಮ ಪಾಡಿಗೆ ಟೈಪ್ ಮಾಡುತ್ತಿರಬಹುದು. ಸುಮ್ನೆ ನೋಡುವುದಕ್ಕೆ ಇಷ್ಟು ಸಾಕು.

ನನಗೆ ಎರರ್ ಸಾಲುಗಳು ಕೆಂಪಾಗಿ ಕಾಣಬೇಕಿತ್ತು. ಹಾಗಾಗಿ ಕಮಾಂಡ್ ಶುರು ಮಾಡುವ ಮೇಕ್-ಪ್ರೋಸೆಸ್ ಬಳಸಿ ನನ್ನದೇ ಫಿಲ್ಟರ್ ಫಂಕ್ಷನ್ ಬರೆದೆ. ಕಮಾಂಡ್ ಏನು ಉಗುಳಿದರೂ ಫಿಲ್ಟರ್ ಕೈಗೆ ಬರುತ್ತದೆ. ಬರುವುದು ಸಾಲು ಸಾಲಾಗಿಯೇ ಬರುತ್ತದೆ ಅಂತ ನಂಬಬೇಡಿ, ತುಂಡು ತುಂಡಾಗಿ ಬರಬಹುದು, ಎರರ್ ಅನ್ನುವ ಪದದ ಅರ್ಧ ಈ ತುಂಡಿನಲ್ಲಿ, ಉಳಿದರ್ಧ ಮುಂದಿನದರಲ್ಲಿ ಇರಬಹುದು. ಕೊನೆಯ ಅರೆಬರೆ ಸಾಲನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟು, ಪೂರ್ತಿಯಾದ ಮೇಲೆ ಬಣ್ಣ ಹಚ್ಚಿ ಬಫರ್‌ಗೆ ಸೇರಿಸುತ್ತೇನೆ.

ಜಾಸ್ತಿ ತಲೆ ತಿಂದಿದ್ದು ಸ್ಕ್ರೋಲ್. ಬಫರ್‌ನ ಕೊನೆಗೆ ಗೋಟು-ಚಾರ್ (ಕರ್ಸರ್ ಸರಿಸುವ ಫಂಕ್ಷನ್) ಮಾಡಿದರೂ ವಿಂಡೋ ಕದಲುವುದಿಲ್ಲ. ಕಾರಣ ಇಷ್ಟೇ: ಬಫರ್‌ಗೆ ಒಂದು ಪಾಯಿಂಟ್ (ಕರ್ಸರ್ ಇರುವ ಜಾಗ) ಇದ್ದರೆ, ಅದನ್ನು ತೋರಿಸುವ ಪ್ರತಿ ವಿಂಡೋಗೂ ತನ್ನದೇ ಪಾಯಿಂಟ್ ಇರುತ್ತದೆ, ನೀವು ಬೇರೆ ವಿಂಡೋದಲ್ಲಿ ಕೆಲಸ ಮಾಡುತ್ತಿರುವಾಗ ಲೆಕ್ಕಕ್ಕೆ ಬರುವುದು ಈ ಎರಡನೆಯದು. ಆ ಬಫರ್ ತೋರಿಸುವ ವಿಂಡೋಗಳನ್ನೆಲ್ಲ ಹುಡುಕಿ ಸೆಟ್-ವಿಂಡೋ-ಪಾಯಿಂಟ್ ಮಾಡಿ ಅವುಗಳ ಪಾಯಿಂಟ್ ಕೊನೆಗೆ ತರಬೇಕು. ಅದೂ ಹೊಸ ಸಾಲು ಬರುವ ಮೊದಲು ವಿಂಡೋ ಕೊನೆಯಲ್ಲೇ ಇದ್ದರೆ ಮಾತ್ರ. ಇಲ್ಲದಿದ್ದರೆ ಹಳೆಯದೇನೋ ಓದುತ್ತಿರುವಾಗ ರಪ್ಪಂತ ಕೆಳಗೆ ಎಳೆದುಕೊಂಡು ಹೋಗುತ್ತದೆ, ಅದರಷ್ಟು ಸಿಟ್ಟು ಬರಿಸುವ ವಿಷಯ ಇನ್ನೊಂದಿಲ್ಲ.

ಬಫರ್ ಬೆಳೆಯುತ್ತಲೇ ಇರುತ್ತದೆ, ಆಗಾಗ ಮೇಲಿನಿಂದ ಕತ್ತರಿಸಿ. ನೀವು ಕಾಮಿಂಟ್ (ಇಮ್ಯಾಕ್ಸ್ ಒಳಗೆ ಶೆಲ್‌ನಂಥವನ್ನು ಓಡಿಸುವ ಮೋಡ್) ಬಳಸುವವರಾದರೆ ಕಾಮಿಂಟ್-ಟ್ರಂಕೇಟ್-ಬಫರ್ ಇದೆ, ಅದನ್ನು ಔಟ್‌ಪುಟ್ ಫಿಲ್ಟರ್‌ಗಳ ಪಟ್ಟಿಗೆ ಸೇರಿಸಿದರೆ 1024 ಸಾಲು ಮಾತ್ರ ಉಳಿಸಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಏನೂ ಕಾಣುವುದಿಲ್ಲ, ಆಮೇಲೆ ಒಟ್ಟಿಗೇ ರಾಶಿ ಬೀಳುತ್ತದೆ. ಇದರಲ್ಲಿ ಇಮ್ಯಾಕ್ಸ್ ತಪ್ಪಿಲ್ಲ. ಟೇಲ್, ಗ್ರೆಪ್ (ಬೇಕಾದ ಸಾಲು ಹುಡುಕುವುದು), ಕಟ್ (ಸಾಲಿನ ಒಂದು ಭಾಗ ತೆಗೆಯುವುದು) ಹೀಗೆ ಒಂದರ ಔಟ್‌ಪುಟ್ ಮುಂದಿನದಕ್ಕೆ ಹೋಗುವಂತೆ ಪೈಪ್‌ನಲ್ಲಿ ಪೋಣಿಸಿದಾಗ ನಡುವಿನ ಗ್ರೆಪ್ ತನ್ನ ಔಟ್‌ಪುಟ್ ಅನ್ನು ಕೂಡಿಹಾಕಿ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 4096 ಬೈಟ್ ತುಂಬಿದ ಮೇಲೆ ಬಿಡುತ್ತದೆ. ಗ್ರೆಪ್‌ಗೆ ಲೈನ್-ಬಫರ್ಡ್ ಆಯ್ಕೆ ಕೊಡಿ, ಪೈಥಾನ್ ಆದರೆ ಯು ಆಯ್ಕೆ.