ಗೈಡು ಲಿನಕ್ಸ್‌ನವರಿಗೆ, ಲ್ಯಾಪ್‌ಟಾಪು ವಿಂಡೋಸ್‌ನದು

ಕ್ಲೌಡ್ ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡಲು, ಅಂದರೆ ದೂರದಿಂದಲೇ ಸುರಕ್ಷಿತವಾಗಿ ಲಾಗಿನ್ ಆಗಲು, ಹೊರಟಿದ್ದೆ. ಗೈಡ್‌ನಲ್ಲಿ ಒಂದೇ ಸಾಲು: ಕೀ ಫೈಲ್ (ಪಾಸ್‌ವರ್ಡ್ ಬದಲು ಬಳಸುವ ಗುಟ್ಟಿನ ಫೈಲ್) ಮೇಲೆ ‘ಸಿಎಚ್‌ಮಾಡ್ 400’ ಓಡಿಸಿ. ಅಂದರೆ ಅದನ್ನು ಮಾಲೀಕ ಮಾತ್ರ ಓದುವಂತೆ ಮಾಡಿ. ವಿಂಡೋಸ್‌ನಲ್ಲಿ ಆ ಕಮಾಂಡೇ ಇಲ್ಲ! ಬಿಟ್ಟು ಮುಂದೆ ಹೋದರೆ ‘ಅನ್‌ಪ್ರೊಟೆಕ್ಟೆಡ್ ಪ್ರೈವೇಟ್ ಕೀ ಫೈಲ್’ ಎಂಬ ದೊಡ್ಡಕ್ಷರದ ಎಚ್ಚರಿಕೆ, ಕೆಳಗೆ ಪರ್ಮಿಷನ್ ಡಿನೈಡ್.

ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್‌ನಲ್ಲಿ ಅದೇ ಕಮಾಂಡ್ ಕೊಟ್ಟೆ. ಎರರ್ ಬರಲಿಲ್ಲ, ಕೆಲಸವೂ ಆಗಲಿಲ್ಲ. ಫೈಲ್ ಇದ್ದದ್ದು ಸಿ ಡ್ರೈವ್‌ನಲ್ಲಿ. ಆ ಡ್ರೈವನ್ನು ಲಿನಕ್ಸ್‌ಗೆ ಜೋಡಿಸುವಾಗ, ಅಂದರೆ ಮೌಂಟ್ ಮಾಡುವಾಗ, ಮೆಟಾಡೇಟಾ ಆಯ್ಕೆ ಕೊಡದಿದ್ದರೆ ಅಲ್ಲಿ ಲಿನಕ್ಸ್ ಪರ್ಮಿಷನ್ ನಿಲ್ಲುವುದಿಲ್ಲ. ಇದು ತಲೆಗೆ ಹೋಗಲು ಅರ್ಧ ದಿನ ಹಿಡಿಯಿತು.

ಕೊನೆಗೆ ಕೈಹಿಡಿದದ್ದು ಫೈಲ್ ಅನುಮತಿ ಬದಲಿಸುವ ವಿಂಡೋಸ್‌ನದೇ ಕಮಾಂಡ್ ‘ಐಕ್ಯಾಕಲ್ಸ್’. ಮೊದಲು ಇನ್‌ಹೆರಿಟೆನ್ಸ್ ಆಯ್ಕೆಗೆ ‘ಆರ್’ ಕೊಟ್ಟು, ಫೋಲ್ಡರ್‌ನಿಂದ ಇಳಿದುಬಂದ ಅನುಮತಿಗಳನ್ನೆಲ್ಲ ಕಿತ್ತುಹಾಕಿದೆ. ಆಮೇಲೆ ಗ್ರಾಂಟ್ ಆಯ್ಕೆಯಲ್ಲಿ ನನ್ನ ಯೂಸರ್‌ನೇಮ್‌ಗೆ ಮಾತ್ರ ಓದುವ ಹಕ್ಕು. ವಿಂಡೋಸ್‌ನಲ್ಲಿ ಕಮಾಂಡ್ ಕೊಡುವ ಪವರ್‌ಶೆಲ್‌ನಲ್ಲಿ ಪರ್ಸೆಂಟ್ ಚಿಹ್ನೆಗಳ ನಡುವಿನ ಯೂಸರ್‌ನೇಮ್ (%USERNAME%) ನಡೆಯುವುದಿಲ್ಲ, ಹೆಸರನ್ನು ನೇರವಾಗಿ ಟೈಪ್ ಮಾಡಿದರೆ ತಲೆನೋವಿಲ್ಲ. ಲಾಗಿನ್ ಆಯಿತು.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಬರೆದು ಕಳಿಸಿದ ಸ್ಕ್ರಿಪ್ಟು ‘ಬ್ಯಾಡ್ ಇಂಟರ್‌ಪ್ರಿಟರ್’ ಎಂದು ಮುಗ್ಗರಿಸಿತು. ಪ್ರತಿ ಸಾಲಿನ ತುದಿಯಲ್ಲೂ ವಿಂಡೋಸ್ ಸೇರಿಸುವ, ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಅಕ್ಷರ ಕೂತಿತ್ತು. ಎಡಿಟರ್‌ನಲ್ಲಿ ಸಿಆರ್‌ಎಲ್‌ಎಫ್ (ವಿಂಡೋಸ್ ಸಾಲು ಮುಗಿಸುವ ರೀತಿ) ತೆಗೆದು ಎಲ್‌ಎಫ್ (ಲಿನಕ್ಸ್‌ನ ರೀತಿ) ಮಾಡಿದೆ, ಓಡಿತು.

ಹಾಂ, ಇನ್ನೊಂದು. ಗೈಡ್‌ನ ಉದ್ದನೆಯ ಕಮಾಂಡ್‌ಗಳಲ್ಲಿ ಸಾಲು ಮುರಿಯಲು ಬ್ಯಾಕ್‌ಸ್ಲ್ಯಾಶ್ ಹಾಕಿರುತ್ತಾರೆ. ಪವರ್‌ಶೆಲ್‌ನಲ್ಲಾದರೆ ಅಲ್ಲಿ ಬ್ಯಾಕ್‌ಟಿಕ್ (`), ಹಳೆಯ ಕಮಾಂಡ್ ಪ್ರಾಂಪ್ಟ್‌ನಲ್ಲಾದರೆ ಕ್ಯಾರೆಟ್ (^) ಹಾಕಬೇಕು. ಗೈಡ್‌ನ ಫೀಡ್‌ಬ್ಯಾಕ್ ಪೆಟ್ಟಿಗೆಯಲ್ಲಿ ಇಷ್ಟನ್ನೂ ಬರೆದು ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.